ಇನುಯಿಯವರು ಹುಡುಕಿದ ಬದಲಿ ಪದ

‘ಕತ್ತರಿಸುತ್ತದೆ’ ಎನ್ನುವ ಹಾಗಿಲ್ಲ. ‘ಕೊಯ್ಯುತ್ತದೆ’? ಅದು ಇನ್ನೂ ಕೆಟ್ಟದ್ದು. ‘ಸೀಳುತ್ತದೆ’ ಎಂದರಂತೂ ಮುಗಿದೇ ಹೋಯಿತು. ಛೇ, ‘ಮುಗಿದು ಹೋಯಿತು’ ಎಂದು ಮನಸ್ಸಿನಲ್ಲೂ ಅಂದುಕೊಳ್ಳಬಾರದಿತ್ತು. ‘ತುಂಡು ಮಾಡುತ್ತದೆ’ ಅನ್ನಬಹುದೇ? ತುಂಡಾಗುವುದು ಮೀನು ತಾನೆ, ಸಂಬಂಧವಲ್ಲವಲ್ಲ. ಆದರೆ ತುಂಡು ಎಂದ ಮೇಲೆ ತುಂಡೇ. ಯಾವುದರ ತುಂಡು ಎಂದು ನಾಲಿಗೆಗೆ ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ಇನುಯಿಯವರ ತಲೆಯಲ್ಲಿ ಓಡುತ್ತಿರುವಾಗ ಗಿರಾಕಿ ಹೆಂಗಸು ಚಾಕು ಹಿಡಿದುಕೊಂಡು ಎದುರಿಗೇ ನಿಂತಿದ್ದಳು. ಅವಳು ಕೇಳಿದ್ದು “ಇದು ಚೆನ್ನಾಗಿ ಕತ್ತರಿಸುತ್ತಾ?” ಎಂದು. ಸಕಾಯ್ ಊರಿನ ಚಾಕು ಅಂಗಡಿಯಲ್ಲಿ ಇದಕ್ಕಿಂತ ಸಹಜವಾದ ಪ್ರಶ್ನೆ ಇನ್ನೊಂದಿಲ್ಲ.

“ಈ ಚಾಕು ಇಟ್ಟರೆ,” ಎಂದರು ಇನುಯಿಯವರು ಬಹಳ ಹೊತ್ತಿನ ಮೇಲೆ, “ಒಂದು ಇದ್ದ ಮೀನು ಬಹಳ ಆಗುತ್ತೆ.”

ಹೆಂಗಸು ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು. ಅದರ ಹಿಡಿಯನ್ನು ತನ್ನ ಕಡೆಗೇ ಇಟ್ಟುಕೊಂಡು, ಎರಡು ಹೆಜ್ಜೆ ಹಿಂದಕ್ಕೆ ನಡೆದು, ಆಮೇಲೆ ತಿರುಗಿ ಎದುರಿನ ಅಂಗಡಿಗೆ ಹೋದಳು.

ಪಕ್ಕದ ಕಡಲಪಾಚಿ ಅಂಗಡಿಯ ಒಕುನೊ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ನಮ್ಮ ಬೀದಿಯಲ್ಲಿ ನಡೆಯುವುದನ್ನೆಲ್ಲ ನೋಡುವುದು ಅವರೇ; ಪಾಚಿ ಮಾರುವುದು ಬಿಡುವಿನ ಕೆಲಸ.

“ಇನುಯಿ ಸಾನ್, ಏನಾಗಿದೆ ನಿಮ್ಗೆ? ಬಂದ ಗಿರಾಕಿನೆಲ್ಲ ಎದುರು ಅಂಗಡಿಗೆ ಕಳಿಸ್ತಿದ್ದೀರಲ್ಲ!”

“ಅಭ್ಯಾಸ ಮಾಡ್ತಿದ್ದೀನಿ.”

“ಏನನ್ನ? ಅಂಗಡಿ ಮುಚ್ಚೋದನ್ನಾ?”

“ಒಕುನೊ ಸಾನ್! ಮದುವೆ ಮನೆ ಹತ್ರ ‘ಮುಚ್ಚೋದು’ ಅಂತೆಲ್ಲ ಅನ್ಬೇಡಿ!”

ನಮ್ಮಲ್ಲಿ ಮದುವೆಯ ಮಾತಿಗೆ ಒಂದು ಬೇಲಿ ಇದೆ. ಕತ್ತರಿಸು, ಮುರಿ, ಅಗಲು, ಮುಗಿ, ಸಾಯಿ, ಇಂಥ ಮಾತುಗಳನ್ನು ಮದುವೆಯ ಭಾಷಣದಲ್ಲಿ ಆಡಬಾರದು. ಎಲ್ಲಕ್ಕಿಂತ ಕೆಟ್ಟದ್ದು ‘ವಾಪಸ್ ಬಾ’ ಎನ್ನುವುದು. ಹಾಗೆಂದರೆ ಹುಡುಗಿ ಗಂಡನ ಮನೆ ಬಿಟ್ಟು ಬಂದೇಬಿಡುತ್ತಾಳೆ ಎಂದು ನಂಬಿಕೆ. ಸಾಮಾನ್ಯ ಜನ ಮದುವೆಯ ಹಿಂದಿನ ದಿನ ಭಾಷಣದಿಂದ ಇಂಥ ನಾಲ್ಕು ಮಾತು ಹೊಡೆದುಹಾಕಿ, ಸುಖವಾಗಿ ಸಾಕೆ ಕುಡಿದು ಬರುತ್ತಾರೆ. ತಾವು ಸಾಮಾನ್ಯ ಜನರಲ್ಲ ಎಂದು ಇನುಯಿಯವರು ತೋರಿಸಿಕೊಂಡದ್ದು ಎರಡೂ ಮನೆಯವರು ಮೊದಲ ಸಲ ಕೂತು ಊಟ ಮಾಡಿದ ದಿನ.

ಮದುವೆ ಚಿಹೊಳದು, ಅಂದರೆ ಇನುಯಿಯವರ ಅಣ್ಣನ ಮಗಳದು. ಅಣ್ಣ ಅತ್ತಿಗೆ ಇಬ್ಬರೂ ಒಂದೇ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವಳಿಗೆ ಐದು ವರ್ಷ. ಅವಳನ್ನು ಸಾಕಿದವರು ಮದುವೆಯಾಗದ ಚಿಕ್ಕಪ್ಪ ಇನುಯಿ ಮತ್ತು ಗಂಡನ ಮನೆಯಿಂದ ಬಂದು ಇಲ್ಲೇ ಉಳಿದಿದ್ದ ಸೋದರತ್ತೆ ಸುಮಿಯೆ. ಹುಡುಗ ರ್‍ಯೋಹೆಯ್ ರೈಲಿನಲ್ಲಿ ಕಂಡಕ್ಟರ್, ಒಳ್ಳೆಯವನು. ಆದರೆ ಅವನ ಮನೆಯಲ್ಲಿ ಮಾತು ನಡೆಯುವುದು ಅಜ್ಜಿ ಹಿಗಾಶಿತಾನಿಯವರದು.

ಆ ದಿನ ಊಟದ ಮಧ್ಯೆ ಅಜ್ಜಿ ಕೇಳಿದರು: “ಬಿಡುವಿದ್ದಾಗ ಏನು ಮಾಡ್ತೀರಿ, ಇನುಯಿ ಸಾನ್?”

ಬಿಡುವಿದ್ದಾಗ ಇನುಯಿಯವರು ಟೀವಿಯಲ್ಲಿ ಸೈಕಲ್ ರೇಸ್ ಹಾಕಿಕೊಂಡು ನಿದ್ದೆ ಮಾಡುತ್ತಾರೆ. ಅದನ್ನು ಹೇಳುವುದು ಹೇಗೆ? ಬಾಯಿಗೆ ಬಂದದ್ದನ್ನು ಹೇಳಿದರು: “ನಿಘಂಟು ಓದ್ತೀನಿ.”

ಅವರ ಮನೆಯಲ್ಲಿ ಒಂದು ನಿಘಂಟು ಇದ್ದದ್ದು ನಿಜ. ಚಾಕು ಸುತ್ತುವ ಕಾಗದ ಮುದುರದಂತೆ ಅದರ ಮೇಲೆ ಹೇರಲು ಅದು ಬಹಳ ಉಪಯೋಗಕ್ಕೆ ಬರುತ್ತಿತ್ತು.

ಅಜ್ಜಿ ಚಾಪ್‌ಸ್ಟಿಕ್ ಕೆಳಗಿಟ್ಟರು. “ಕೇಳಿದಿರಾ? ನಿಘಂಟು! ನಮ್ಮ ದೊಡ್ಡ ಮೊಮ್ಮಗನ ಮದುವೇಲಿ ಹುಡುಗಿ ಸೋದರಮಾವ ಎದ್ದು ನಿಂತು, ‘ಇಲ್ಲಿಗೆ ಮುಗೀತು’ ಅಂದ. ವರ್ಷ ತುಂಬೋದ್ರೊಳಗೆ ಮದುವೆನೂ ಮುಗೀತು. ಆವತ್ತೇ ನಿರ್ಧಾರ ಮಾಡ್ಬಿಟ್ಟೆ. ಇನ್ನೊಂದು ಸಲ ಅಂಥ ಮಾತು ಕಿವಿಗೆ ಬಿದ್ರೆ ನಾನು ಎದ್ದು ಹೋಗೋಳೆ. ನೀವು ಓದಿದವರು, ನೀವೇ ಭಾಷಣ ಮಾಡಿ.”

ಅಜ್ಜಿ ಎದ್ದರೆ ಹಿಗಾಶಿತಾನಿ ವಂಶವೇ ಏಳುತ್ತದೆ ಎಂದು ರ್‍ಯೋಹೆಯ್ ಆಮೇಲೆ ಹೊರಗೆ ಬಂದು ಹೇಳಿದ. ಅವನ ಮುಖದಲ್ಲಿ ನಗು ಇರಲಿಲ್ಲ.

ಇಷ್ಟೇ ಆಗಿದ್ದರೆ ಇನುಯಿಯವರೂ ‘ಸುಖವಾಗಿರಿ’ ಎಂದು ಹೇಳಿ ಕೂತುಬಿಡಬಹುದಿತ್ತು. ಆದರೆ ಭಾಷಣ ಬರೆಯಲು ಕೂತಾಗ, ಚಿಹೊಗೆ ತಾವು ನಿಜವಾಗಿ ಹೇಳಬೇಕೆಂದಿರುವುದು ಒಂದೇ ಮಾತು ಎಂದು ಅವರಿಗೆ ಗೊತ್ತಾಯಿತು. ‘ಏನಾದರೂ ಕಷ್ಟವಾದರೆ ವಾಪಸ್ ಬಂದುಬಿಡು.’ ಅಕ್ಕ ಸುಮಿಯೆ ಮದುವೆಯಾಗಿ ಹಕಾತಾಕ್ಕೆ ಹೋದಾಗ ಅವಳಿಗೆ ಯಾರೂ ಇದನ್ನು ಹೇಳಿರಲಿಲ್ಲ. ಅವಳು ಅಲ್ಲಿ ಬಹಳ ವರ್ಷ ಸಹಿಸಿಕೊಂಡಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಾಗ, “ಬರಬಹುದಾ?” ಎಂದು ಕೇಳಿದ್ದಳು. ತನ್ನ ಮನೆಯ ಬಾಗಿಲಲ್ಲಿ ನಿಂತು.

ಆದ್ದರಿಂದ ಹೇಳಲೇಬೇಕು. ಆದರೆ ಆ ಪದ ಬರಕೂಡದು. ಇನುಯಿಯವರು ನಿಘಂಟಿನ ಮೇಲಿದ್ದ ಧೂಳು ಕೊಡವಿದರು. ಇಷ್ಟು ದಪ್ಪ ಪುಸ್ತಕದಲ್ಲಿ ಇದಕ್ಕೊಂದು ಬದಲಿ ಪದ ಇಲ್ಲದೆ ಇರಲು ಸಾಧ್ಯವೇ ಇಲ್ಲ ಎಂದು ಅವರು ನಂಬಿದರು.

ನಿಘಂಟು ‘ವಾಪಸ್ ಬರು’ ಎಂದರೆ ‘ಹಿಂದಿರುಗು’ ಎಂದಿತು. ‘ಹಿಂದಿರುಗು’ ನೋಡಿದರೆ ‘ವಾಪಸ್ ಬರು’ ಎಂದಿತು. ಇದು ಇಬ್ಬರು ಗುಮಾಸ್ತರು ಒಂದು ಅರ್ಜಿಯನ್ನು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಕಳಿಸಿದ ಹಾಗಿದೆ ಎಂದು ಇನುಯಿಯವರಿಗೆ ಅನ್ನಿಸಿತು. ಗ್ರಂಥಾಲಯಕ್ಕೆ ಹೋಗಿ ದೊಡ್ಡ ಸಮಾನಾರ್ಥಕ ಕೋಶ ತೆಗೆಸಿದರು. ಅದು ಉದಾರವಾಗಿತ್ತು. ‘ವಾಪಸಾಗು’ವಿನಿಂದ ‘ಹಿಮ್ಮೆಟ್ಟು’, ಅಲ್ಲಿಂದ ‘ಸೋತು ಓಡು’, ಅಲ್ಲಿಂದ ‘ಶರಣಾಗು’. ಇನ್ನೊಂದು ದಾರಿ ಹಿಡಿದರೆ ‘ಗಂಡನ ಮನೆ ಬಿಟ್ಟು ಬಂದವಳು’, ಅಲ್ಲಿಂದ ನೇರವಾಗಿ ‘ವಿಚ್ಛೇದನ’. ಯಾವ ದಾರಿ ಹಿಡಿದರೂ ಮದುವೆ ಮುರಿಯದೆ ಊರು ಸೇರುವ ಹಾಗಿರಲಿಲ್ಲ.

ಆಮೇಲೆ ಅಂತರ್ಜಾಲ. ಜನ ಪ್ರಶ್ನೆ ಕೇಳಿ ಉತ್ತರ ಪಡೆಯುವ ತಾಣವೊಂದರಲ್ಲಿ ಅವರು ಬರೆದರು: ‘ವಾಪಸ್ ಬಾ ಎಂಬ ಅರ್ಥ ಬರಬೇಕು, ವಾಪಸ್ ಬಾ ಎಂಬ ಅರ್ಥ ಬರಬಾರದು. ದಯವಿಟ್ಟು ತಿಳಿಸಿ.’ ಬೆಳಗಾಗುವಷ್ಟರಲ್ಲಿ ಉತ್ತರಗಳು ಬಂದಿದ್ದವು. ಒಬ್ಬರು, ‘ಯೂ ಟರ್ನ್ ಎನ್ನಿ, ಆಧುನಿಕವಾಗಿರುತ್ತದೆ’ ಎಂದಿದ್ದರು. ಇನ್ನೊಬ್ಬರು, ‘ಚಿಕ್ಕಪ್ಪಂದಿರ ಭಾಷಣ ಚಿಕ್ಕದಾಗಿದ್ದರೆ ಪದಗಳ ತೊಂದರೆ ಬರುವುದಿಲ್ಲ’ ಎಂದಿದ್ದರು. ಮೂರನೆಯವರು ಮನೆ ಸಾಮಾನು ಸಾಗಿಸುವ ಕಂಪನಿಯವರು. ಹೋಗುವಾಗಲೂ ಬರುವಾಗಲೂ ಅವರೇ ಸಾಗಿಸಿದರೆ ರಿಯಾಯಿತಿ ಇತ್ತು.

ಕೊನೆಗೆ ಕೋಶದ ಮೂಲೆಯೊಂದರಲ್ಲಿ ಸಾಲ್ಮನ್ ಮೀನು ಸಿಕ್ಕಿತು. ಸಮುದ್ರಕ್ಕೆ ಹೋದ ಸಾಲ್ಮನ್ ತಾನು ಹುಟ್ಟಿದ ನದಿಯನ್ನು ‘ಏರುತ್ತದೆ’! ಇನುಯಿಯವರು ಓಡಿ ಅಡುಗೆಮನೆಗೆ ಬಂದರು.

“ಅಕ್ಕಾ, ಸಿಕ್ತು! ‘ಚಿಹೊ, ನೀನು ಸಾಲ್ಮನ್ ಥರ ನದಿ ಏರು!’ ಹೇಗಿದೆ?”

ಸುಮಿಯೆ ಮೂಲಂಗಿ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲಿಲ್ಲ. “ಏರಿದ ಮೇಲೆ ಅದೇನು ಮಾಡುತ್ತೆ ಗೊತ್ತೇನೋ?”

“ಏನು ಮಾಡುತ್ತೆ?”

“ಮೊಟ್ಟೆ ಇಟ್ಟು ಸತ್ತು ಹೋಗುತ್ತೆ.”

ಇನುಯಿಯವರು ಸಾಲ್ಮನ್ ಹೊಡೆದುಹಾಕಿದರು.

“ಲೋ, ನನ್ನ ಮದುವೇಲಿ ಊರಿನ ದೊಡ್ಡವರೆಲ್ಲ ಮಾತಾಡಿದ್ರು,” ಎಂದಳು ಸುಮಿಯೆ. “ಒಬ್ಬರ ಬಾಯಲ್ಲೂ ಒಂದು ಕೆಟ್ಟ ಪದ ಬರ್ಲಿಲ್ಲ. ಏನುಪಯೋಗ ಆಯ್ತು? ಹೋಗು, ಅಂಗಡಿ ನೋಡ್ಕೊ.”

ಆದರೆ ಇನುಯಿಯವರು ಹಟ ಬಿಡುವವರಲ್ಲ. ಮರುದಿನ ಮದುವೆ ಹಾಲ್‌ಗೇ ಹೋದರು. ಅಲ್ಲಿನ ವ್ಯವಸ್ಥಾಪಕ ಶಿರಾಕಿ ಎಂಬ ಯುವಕ. ಏನು ಹೇಳಿದರೂ ತಲೆ ಬಾಗಿಸುವುದು ಅವನ ಕೆಲಸ.

“ಕೇಕ್ ವಿಚಾರ ಏನು ಮಾಡ್ತೀರಿ?”

“ನಾವು ‘ಕತ್ತರಿಸೋದು’ ಅನ್ನಲ್ಲ, ಸಾರ್. ‘ಕೇಕಿಗೆ ಚಾಕು ಪ್ರವೇಶ’ ಅಂತೀವಿ. ಸಮಾರಂಭ ಆದ ಮೇಲೆ ‘ಮುಗಿಯಿತು’ ಅನ್ನದೆ ‘ತೆರೆಯಿತು’ ಅಂತೀವಿ.”

ಇನುಯಿಯವರಿಗೆ ಸಂತೋಷವಾಯಿತು. ತಮ್ಮಂಥವರು ಇನ್ನೂ ಇದ್ದಾರೆ. ಹಾಲ್‌ನಲ್ಲೆಲ್ಲ ಒಂದು ಸುತ್ತು ಹಾಕಿದರು.

“ಆ ಬೋರ್ಡು?”

“ಅದು ‘ಹೊರಗೆ ಹೋಗುವ ದಾರಿ’, ಸಾರ್.”

“ಮದುಮಗಳ ಕುರ್ಚಿ ಎದುರಿಗೇ ಇದೆಯಲ್ಲ! ತೆಗೀರಿ.”

“ಅದು ಬೆಂಕಿ ಬಿದ್ರೆ ಬೇಕಾಗುತ್ತೆ, ಸಾರ್. ಅಗ್ನಿಶಾಮಕ ಇಲಾಖೆ ನಿಯಮ.”

“ಲಿಫ್ಟು ಏನೋ ಅಂತಲ್ಲ?”

“‘ಬಾಗಿಲು ಮುಚ್ಚುತ್ತಿದೆ’ ಅನ್ನುತ್ತೆ, ಸಾರ್.”

“ಅದರ ಬಾಯಿ ಮುಚ್ಸಿ.”

ಶಿರಾಕಿ ಇನ್ನಷ್ಟು ಬಾಗಿದ. “ಅಂದು ನಾನೇ ಲಿಫ್ಟ್ ಒಳಗೆ ನಿಂತು ಅದಕ್ಕಿಂತ ಗಟ್ಟಿಯಾಗಿ ಅಭಿನಂದನೆ ಹೇಳ್ತಿರ್ತೀನಿ, ಸಾರ್.”

ಹೊರಡುವಾಗ ಅವನು ಇನ್ನೊಂದು ವಿಷಯ ತಿಳಿಸಿದ. ಮದುವೆಯ ಆಮಂತ್ರಣ ಪತ್ರದಲ್ಲಿ ಪೂರ್ಣವಿರಾಮ, ಅಲ್ಪವಿರಾಮ ಹಾಕುವುದಿಲ್ಲ. ವಿರಾಮ ಎಂದರೆ ನಿಲ್ಲುವುದಲ್ಲವೆ? ಇನುಯಿಯವರು ಮನೆಗೆ ಬಂದು ತಮ್ಮ ಭಾಷಣದ ಚುಕ್ಕಿಗಳನ್ನೆಲ್ಲ ಹೊಡೆದುಹಾಕಿದರು. ಪತ್ರದ ನಿಯಮ ಬಾಯಿಗೆ ಅನ್ವಯಿಸುವುದಿಲ್ಲ ಎಂದು ಅವನು ಹೇಳಿರಲಿಲ್ಲ. ಹೇಳಬೇಕಾದೀತು ಎಂದು ಅವನಿಗೆ ತೋಚಿರಲಿಲ್ಲ.

ಇಷ್ಟರವರೆಗೆ ನಷ್ಟವಾದದ್ದು ಅಂಗಡಿಗೆ ಮಾತ್ರ. ಮನೆಗೆ ತೊಂದರೆ ಬಂದದ್ದು ಅಭ್ಯಾಸ ಬಾಗಿಲ ಒಳಗೆ ಕಾಲಿಟ್ಟಾಗ. ಹೊರಗಿನಿಂದ ಬಂದವರು ನಮ್ಮಲ್ಲಿ “ಬಂದೆ” ಎನ್ನುತ್ತಾರೆ. ಒಳಗಿದ್ದವರು “ವಾಪಸ್ ಬಂದ್ಯಾ, ಬಾ” ಎನ್ನುತ್ತಾರೆ. ಊಟ ತಪ್ಪಿದರೂ ಈ ಉತ್ತರ ತಪ್ಪುವುದಿಲ್ಲ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಚಿಹೊ ಸಂಜೆ ಮನೆಗೆ ಬಂದು, “ಬಂದೆ, ಚಿಕ್ಕಪ್ಪ” ಎಂದಳು. ಇನುಯಿಯವರು ಬಾಯಿ ತೆರೆದರು. ಆ ಪದ ಹಲ್ಲಿನವರೆಗೆ ಬಂದು ನಿಂತಿತು. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು.

ಮರುದಿನವೂ ತಲೆಯಾಡಿಸಿದರು. ಅದರ ಮರುದಿನ ಅವಳ ಚಪ್ಪಲಿ ಸದ್ದು ಕೇಳಿದೊಡನೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟರು.

ಚಿಹೊ ಇದನ್ನು ಒಕುನೊಗೆ ಹೇಳಿದಳು: “ಚಿಕ್ಕಪ್ಪ ಮಾತೇ ಆಡ್ತಿಲ್ಲ, ಆಂಟಿ. ನಾನು ಹೊರಗಿಂದ ಬಂದ್ರೆ ಮುಖ ತಿರುಗಿಸ್ತಾರೆ.”

ಒಕುನೊಗೆ ಹೇಳುವುದು ಎಂದರೆ ರೇಡಿಯೋದಲ್ಲಿ ಹೇಳಿದ ಹಾಗೆ. ಇನುಯಿಗೆ ಈ ಮದುವೆ ಇಷ್ಟವಿಲ್ಲ ಎಂದು ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ಹುಡುಗಿ ಹೋಗುವುದನ್ನು ತಡೆಯಲಾರದೆ ಬುದ್ಧಿಗೆ ಏನೋ ಆಗಿದೆ, ಅದಕ್ಕೇ ಮೀನು ಬಹಳವಾಗುತ್ತದೆ ಎನ್ನುತ್ತಾನೆ ಎಂದು ಉಡೋನ್ ಶಾವಿಗೆ ಅಂಗಡಿಯವರು ಪೂರ್ತಿ ವಿವರಣೆ ಕೊಟ್ಟರು.

ಸುದ್ದಿ ರ್‍ಯೋಹೆಯ್‌ವರೆಗೂ ಹೋಯಿತು. ಅವನು ರಜೆ ಹಾಕಿ, ಕಲ್ಲಂಗಡಿಯಷ್ಟು ದೊಡ್ಡ ಕರಬೂಜವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದು, ಚಾಪೆಗೆ ಹಣೆ ತಾಗಿಸಿ ಕೂತ.

“ಚಿಕ್ಕಪ್ಪ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ದಯವಿಟ್ಟು ಹೇಳಿ.”

ಇನುಯಿಯವರಿಗೆ ಅವನ ಮೇಲೆ ಬಹಳ ಪ್ರೀತಿ. ಅದನ್ನು ಹೇಳಲು ಒಂದು ಸುರಕ್ಷಿತ ಪದ ಹುಡುಕುತ್ತ, ಮಡಿಲಲ್ಲಿದ್ದ ಯಂತ್ರವನ್ನು ಕೈಗೆತ್ತಿಕೊಂಡರು. ಅದು ಚಿಹೊ ಶಾಲೆಗೆ ಹೋಗುವಾಗ ಬಳಸುತ್ತಿದ್ದ ಎಲೆಕ್ಟ್ರಾನಿಕ್ ನಿಘಂಟು. ಪರದೆಯ ಮೇಲೆ ಬೆಳಿಗ್ಗೆ ನೋಡಿದ ಪದ ಹಾಗೇ ಇತ್ತು. ಹೆಬ್ಬೆರಳು ಉಚ್ಚಾರಣೆಯ ಗುಂಡಿಯ ಮೇಲೆ ಬಿತ್ತು.

“ವಿಚ್ಛೇದನ,” ಎಂದಿತು ಯಂತ್ರ, ಸ್ಪಷ್ಟವಾದ ಹೆಣ್ಣು ದನಿಯಲ್ಲಿ.

ರ್‍ಯೋಹೆಯ್ ತಲೆ ಎತ್ತಿದ.

ಇನುಯಿಯವರು ಗಾಬರಿಯಿಂದ ಅದನ್ನು ನಿಲ್ಲಿಸಲು ಹೋಗಿ ಅದೇ ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿದರು.

“ವಿಚ್ಛೇದನ. ವಿಚ್ಛೇದನ.”

“ಇನ್ನೂ ಮದುವೆನೇ ಆಗಿಲ್ಲ, ಚಿಕ್ಕಪ್ಪ,” ಎಂದ ಹುಡುಗ, ಬಿಳಿಚಿಕೊಂಡು.

“ನಾನಲ್ಲ ಹೇಳಿದ್ದು! ಯಂತ್ರ!” ಎಂದರು ಇನುಯಿಯವರು. ಆಮೇಲೆ, ಅವನಿಗೆ ಧೈರ್ಯ ತುಂಬಲೆಂದೇ ಇರಬೇಕು, “ಅದಿರಲಿ, ರೈಲಲ್ಲಿ ದಿನಾ ‘ಇದು ಕೊನೆಯ ನಿಲ್ದಾಣ’ ಅಂತೀಯಲ್ಲ. ಮದುವೆವರೆಗೆ ಅದನ್ನ ನಿಲ್ಲಿಸೋಕಾಗುತ್ತಾ?” ಎಂದು ಕೇಳಿದರು.

ರ್‍ಯೋಹೆಯ್ ಕರಬೂಜವನ್ನು ಬಿಟ್ಟು ಹೋದ. ಒಕುನೊ ಬಾಗಿಲಲ್ಲೇ ಇದ್ದರು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಚಿಹೊ ಮಿಸೊ ಸಾರಿನ ಬಟ್ಟಲು ಇಡುತ್ತ ಕೇಳಿದಳು: “ಚಿಕ್ಕಪ್ಪ, ನಾನು ಹೋಗ್ತಿರೋದು ನಿಮ್ಗೆ ಇಷ್ಟ ಇಲ್ವಾ? ಇಲ್ಲ ಅಂದ್ರೆ ಇಲ್ಲ ಅನ್ನಿ. ಇನ್ಮೇಲೆ ಈ ಮನೆ ಕಡೆ ನಾನು ತಲೆ ಹಾಕ್ಲೇಬಾರದು ಅಂತಾನಾ?”

ಇನುಯಿಯವರ ಕೈ ನಿಘಂಟಿನ ಕಡೆ ಹೋಯಿತು. ಹೋಗಬಾರದಿತ್ತು. ‘ತಲೆ ಹಾಕು’ ಸುರಕ್ಷಿತವೇ ಎಂದು ಅವರು ನೋಡಲು ಹೊರಟಿದ್ದರು. ಅವರು ತಲೆ ಎತ್ತುವಷ್ಟರಲ್ಲಿ ಚಿಹೊ ಎದ್ದು ಒಳಗೆ ಹೋಗಿದ್ದಳು. ಬಾಗಿಲು ಜಾರುವ ಸದ್ದೂ ಕೇಳಿಸಲಿಲ್ಲ.

“ಪುಸ್ತಕ ಕೆಳಗಿಡೋ,” ಎಂದಳು ಸುಮಿಯೆ. “ಅವಳ ಮೇಲೆ ನಿಂಗೆ ಸಿಟ್ಟು ಅಂದ್ಕೊಂಡಿದಾಳೆ.”

“ನಾಳೆ ಭಾಷಣದಲ್ಲಿ ಎಲ್ಲ ಸರಿ ಮಾಡ್ತೀನಿ, ಅಕ್ಕಾ.”

“ಪದ ಸಿಕ್ತಾ?”

“ಸಿಗುತ್ತೆ.”

ಸಿಗಲಿಲ್ಲ. ಮರುದಿನ ಹಾಲ್‌ನಲ್ಲಿ ಇನುಯಿಯವರ ಹೆಸರು ಕರೆದಾಗ, ಅವರ ಕಾಗದದಲ್ಲಿ ಆ ಒಂದು ಜಾಗ ಖಾಲಿಯಾಗಿಯೇ ಇತ್ತು. ಮುಂದಿನ ಮೇಜಿನಲ್ಲಿ ಹಿಗಾಶಿತಾನಿ ಅಜ್ಜಿ ಕಪ್ಪು ಕಿಮೊನೊ ಉಟ್ಟು, ಕಿವಿಯ ಯಂತ್ರದ ದನಿ ಏರಿಸಿಕೊಂಡು ಕೂತಿದ್ದರು. ಅವರ ಹಿಂದೆ ಇಡೀ ವಂಶ ಅವರ ಬೆನ್ನನ್ನೇ ನೋಡುತ್ತಿತ್ತು. ಚಿಹೊ ಬಿಳಿ ಬಟ್ಟೆಯಲ್ಲಿ ತಲೆ ತಗ್ಗಿಸಿದ್ದಳು.

ಇನುಯಿಯವರು ಚುಕ್ಕಿಯಿಲ್ಲದ ಭಾಷಣವನ್ನು ಬರೆದ ಹಾಗೆಯೇ ಓದತೊಡಗಿದರು.

“ಇಲ್ಲಿ ಸೇರಿರುವ ಹಿರಿಯರಿಗೆ ವಂದನೆ ಚಿಹೊ ಐದು ವರ್ಷದವಳಿದ್ದಾಗ ನಮ್ಮ ಮನೆಗೆ ಬಂದಳು ಅವಳಿಗೆ ಬದನೆಕಾಯಿ ಸೇರುತ್ತಿರಲಿಲ್ಲ ಈಗ ಸೇರುತ್ತದೆ ಅವಳು ಸೈಕಲ್ ಕಲಿತಳು ಗೋಡೆಗೆ ಗುದ್ದಿದಳು ಗೋಡೆ ಈಗಲೂ ಇದೆ ಅವಳು...”

ಮುಖ ಕೆಂಪಾಗಿ ನೇರಳೆಗೆ ತಿರುಗುತ್ತಿತ್ತು. ಹಿಂದಿನ ಮೇಜಿನಿಂದ ಒಕುನೊ ಕೂಗಿದರು: “ಇನುಯಿ ಸಾನ್, ಉಸಿರು ತಗೊಳ್ಳಿ!”

ಅವರು ಉಸಿರು ತೆಗೆದುಕೊಂಡರು. ಅಜ್ಜಿಗೆ ಆ ಸಂದು ಸಾಕಾಯಿತು.

“ಹುಡುಗಿ ತಂದೆ ತಾಯಿ ಎಲ್ಲಿದ್ದಾರೆ?” ಅಜ್ಜಿಗೆ ಅದು ಗೊತ್ತಿಲ್ಲದ್ದಲ್ಲ. ಪರೀಕ್ಷೆ ನಡೆಯುತ್ತಿತ್ತು.

‘ತೀರಿಕೊಂಡರು’ ಎನ್ನುವ ಹಾಗಿರಲಿಲ್ಲ. “ಅವರು... ಊರು ಬದಲಾಯಿಸಿದ್ದಾರೆ, ಅಮ್ಮಾ.”

“ಯಾವ ಊರು?”

“ಎತ್ತರದ ಊರು.”

“ಬೆಟ್ಟದ ಮೇಲಿನ ನಾಗಾನೊನಾ?” ಎಂದು ಗಟ್ಟಿಯಾಗಿ ಕೇಳಿದರು ರ್‍ಯೋಹೆಯ್‌ನ ದೊಡ್ಡಪ್ಪ. ಅವರಿಗೆ ಏನೂ ಗೊತ್ತಿರಲಿಲ್ಲ.

“ಇನ್ನೂ ಎತ್ತರ.”

“ಮಗಳ ಮದುವೆಗೂ ಇಳಿದು ಬರ್ಲಿಲ್ವಾ! ಎಂಥ ಜನ ರೀ!”

ಅಜ್ಜಿ ಒಂದು ಕೈ ಎತ್ತಿದರು. ದೊಡ್ಡಪ್ಪ ಸುಮ್ಮನಾದರು. “ಮುಂದೆ ಹೇಳಿ, ಇನುಯಿ ಸಾನ್.”

ಮುಂದೆ ಇದ್ದದ್ದು ಆ ಖಾಲಿ ಜಾಗ. ಇನುಯಿಯವರು ಕಾಗದ ನೋಡಿದರು, ಚಿಹೊಳನ್ನು ನೋಡಿದರು. “ಚಿಹೊ, ಯಾವತ್ತಾದ್ರೂ ನಿಂಗೆ ಕಷ್ಟ... ಅಂದ್ರೆ ಸುಖ ಸ್ವಲ್ಪ ಕಡಿಮೆ ಅನ್ಸಿದ್ರೆ... ಅಲ್ಲಿಂದ... ಇಲ್ಲಿಗೆ...”

ನಿಂತರು. ಅಜ್ಜಿಯ ಎರಡೂ ಕೈಗಳು ಮೇಜಿನ ಅಂಚಿಗೆ ಬಂದವು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ವಂಶ ಏಳಲು ಸಿದ್ಧವಾಗುತ್ತಿತ್ತು. ಎಲ್ಲಿಂದಲೋ ಲಿಫ್ಟಿನ ಒಳಗೆ ಶಿರಾಕಿ ಅಭಿನಂದನೆ ಕೂಗುವುದು ಕೇಳಿಸಿತು.

ಇನುಯಿಯವರು ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು.

“ಹಿಂದಿನ ಕೋಣೆ ಹಾಸಿಗೆನ ಪ್ರತಿ ಭಾನುವಾರ ಬಿಸಿಲಿಗೆ ಹಾಕ್ತೀನಿ,” ಎಂದರು. “ಈಗ ಹಾಕೋ ಹಾಗೇನೇ. ಅಕ್ಕಿ ಅಕ್ಕ ಮೂರು ಜನಕ್ಕೆ ತೊಳೀತಾಳೆ, ಅವಳಿಗೆ ಅದೇ ಅಳತೆ ಕೈಗೆ ಬಂದ್ಬಿಟ್ಟಿದೆ. ಕೋಣೆ ಬಲ್ಬು ಹಳೇದಾಗಿತ್ತು, ಮೊನ್ನೆ ಹೊಸದು ಹಾಕಿದೀನಿ. ಕಿಟಕಿ ಸ್ವಲ್ಪ ಬಿಗಿ ಇದೆ. ಅದನ್ನೂ ಸರಿ ಮಾಡಿಡ್ತೀನಿ.”

ಸುಮಿಯೆ ತಟ್ಟೆಯಲ್ಲಿದ್ದ ಸೀಗಡಿಯನ್ನೇ ನೋಡುತ್ತಿದ್ದಳು.

ಅಜ್ಜಿ ಅರ್ಧ ಎದ್ದಿದ್ದರು. ಅರ್ಧ ಎದ್ದವರು ಹಾಗೆಯೇ ಕೇಳಿದರು: “ಆ ಹಾಸಿಗೆ ಯಾರಿಗೆ?”

ಇನುಯಿಯವರು ಬಹಳ ಹೊತ್ತು ಯೋಚಿಸಿದರು. “ಅದು ಹತ್ತಿದು, ಅಮ್ಮಾ. ಬಿಸಿಲು ಕಾಣದಿದ್ರೆ ಗಟ್ಟಿಯಾಗ್ಬಿಡುತ್ತೆ.”

ಅಜ್ಜಿ ಅವರನ್ನೇ ನೋಡಿದರು. ಆಮೇಲೆ ಚಿಹೊಳನ್ನು ನೋಡಿದರು. ಅವಳ ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿತ್ತು. ರ್‍ಯೋಹೆಯ್ ತನ್ನ ಬಿಳಿ ಕೈಗವಸನ್ನು ಹಾಳು ಮಾಡಿಕೊಂಡು ಅದನ್ನು ಒರೆಸುತ್ತಿದ್ದ.

“ನಿಜ,” ಎಂದರು ಅಜ್ಜಿ. “ಹತ್ತಿಗೆ ಬಿಸಿಲು ಬೇಕು. ಹಾಕ್ತಾ ಇರಿ.” ಅವರು ಕೂತರು. ಅವರ ಹಿಂದೆ ವಂಶವೂ ಒಂದೇ ಸದ್ದಿನಲ್ಲಿ ಕೂತಿತು. “ನಿಘಂಟು ಓದಿದವರು ಅಂದ್ರೆ ಹೀಗಿರ್ಬೇಕು ನೋಡ್ರೋ. ಒಂದು ಕೆಟ್ಟ ಪದ ಬಂತಾ?”

ಚಿಹೊ ಮೂಗು ಒರೆಸಿಕೊಂಡು ಮೈಕ್ ಇಲ್ಲದೆಯೇ ಕೇಳಿದಳು:

“ಚಿಕ್ಕಪ್ಪ, ಭಾನುವಾರ ಮಳೆ ಬಂದ್ರೆ?”

“ಸೋಮವಾರ ಹಾಕ್ತೀನಿ.”

ವಾಪಸ್ ಬಾ ಎಂದು ಇನುಯಿಯವರು ಅವಳಿಗೆ ಆ ದಿನ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.